ಒಂದೇ ಅಂಕಿಯನ್ನು ನಂಬಿ ಹಾರ್ಮೋನ್ ಚಿಕಿತ್ಸೆ ಸಲ್ಲದು

ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್‌ಗಳ ಸಾಲಿಗೆ ಈಗ ಅನೇಕ ರಕ್ತಪರೀಕ್ಷಾ ಕೇಂದ್ರಗಳ ‘ಪೂರ್ಣ ದೇಹ ತಪಾಸಣೆ’ಯ ಪಟ್ಟಿಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಹೆಸರೂ ಸೇರಿಕೊಂಡಿದೆ. ಐವತ್ತರ ಆಸುಪಾಸಿನ ವರ್ತಕರೊಬ್ಬರು ಅಂಗಡಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಸಂಜೆಯ ಹೊತ್ತಿಗೆ ರಕ್ತ ಕೊಟ್ಟು ಬರುತ್ತಾರೆ. ಮರುದಿನ ಕೈಸೇರಿದ ವರದಿಯಲ್ಲಿ ಆ ಹೆಸರಿನ ಮುಂದೆ ‘ಕಡಿಮೆ’ ಎಂಬ ಗುರುತು ಕಾಣುತ್ತದೆ. ಕೆಲವು ತಿಂಗಳುಗಳಿಂದ ಕಾಡುತ್ತಿರುವ ಆಯಾಸ, ಮಧ್ಯಾಹ್ನದ ಜೋಮು, ಕೆಲಸದಲ್ಲಿ ನಿರಾಸಕ್ತಿ, ದಾಂಪತ್ಯದಲ್ಲಿ ಹೇಳಿಕೊಳ್ಳಲಾಗದ ಹಿಂಜರಿಕೆ, ಇವೆಲ್ಲಕ್ಕೂ ಕೊನೆಗೊಂದು ಕಾರಣ ಸಿಕ್ಕಿತೆಂದು ಅವರಿಗೆ ಅನ್ನಿಸುವುದು ಸಹಜ. ಪರಿಚಿತರೊಬ್ಬರು ಇಂಜೆಕ್ಷನ್‌ನ ಹೆಸರು ಹೇಳುತ್ತಾರೆ. ಔಷಧಿ ಅಂಗಡಿಯಲ್ಲಿ ಅದು ದೊರೆಯುತ್ತದೆ. ಹೀಗೆ ಒಂದೇ ಸಂಜೆಯ ಒಂದೇ ಅಂಕಿಯ ಮೇಲೆ ವರ್ಷಗಟ್ಟಲೆ ನಡೆಯಬಹುದಾದ ಚಿಕಿತ್ಸೆಯೊಂದು ಆರಂಭವಾಗಿಬಿಡುತ್ತದೆ.

ಒಂದೇ ಕೊಟೇಶನ್ ನೋಡಿ ಯಂತ್ರ ಖರೀದಿಸದ, ಒಂದೇ ತಿಂಗಳ ವಹಿವಾಟು ನೋಡಿ ಸಾಲಕ್ಕೆ ಸಹಿ ಹಾಕದ ವ್ಯವಹಾರಸ್ಥರು ತಮ್ಮ ಶರೀರದ ವಿಷಯದಲ್ಲಿ ಮಾತ್ರ ಇಷ್ಟು ಅವಸರ ತೋರುವುದು ವಿಚಾರಾರ್ಹವಾಗಿದೆ. ಪುರುಷರ ಹಾರ್ಮೋನ್ ಕೊರತೆ ನಿಜವಾದ ರೋಗ. ಅದಕ್ಕೆ ನಿಜವಾದ ಚಿಕಿತ್ಸೆಯೂ ಇದೆ. ಆದರೆ ರೋಗವಿದ್ದವರು ಸಂಕೋಚದಿಂದ ವೈದ್ಯರ ಬಳಿಗೆ ಹೋಗದೆ ಉಳಿಯುತ್ತಾರೆ, ರೋಗವಿಲ್ಲದವರು ಉತ್ಸಾಹದಿಂದ ಔಷಧಿ ತೆಗೆದುಕೊಳ್ಳುತ್ತಾರೆ. ಈ ಎರಡೂ ತಪ್ಪುಗಳನ್ನು ಸರಿಪಡಿಸುವುದರಲ್ಲಿ ವರ್ತಕ ಸಮುದಾಯಕ್ಕೆ ಒಂದು ಪಾತ್ರವಿದೆ.

ಹಾರ್ಮೋನಿನ ಹಿನ್ನೆಲೆ

ಯೌವನವನ್ನು ಸೂಜಿಯ ಮೂಲಕ ಮರಳಿ ತರುವ ಆಸೆ ಹೊಸದಲ್ಲ. 1889ರಲ್ಲಿ ಪ್ಯಾರಿಸ್‌ನ ಪ್ರಸಿದ್ಧ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ತಮ್ಮ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣದ ಸಾರವನ್ನು ತಮಗೇ ಚುಚ್ಚಿಕೊಂಡು, ಕಳೆದುಹೋದ ಶಕ್ತಿ ಮರಳಿತೆಂದು ವಿದ್ವತ್ಸಭೆಯ ಮುಂದೆ ಸಾರಿದರು. ಟೆಸ್ಟೋಸ್ಟೆರಾನ್ ನೀರಿನಲ್ಲಿ ಕರಗುವ ವಸ್ತುವಲ್ಲವಾದ್ದರಿಂದ ಆ ನೀರುಸಾರದಲ್ಲಿ ಅದರ ಅಂಶ ನಗಣ್ಯವಾಗಿತ್ತೆಂದು ಇಂದು ತಿಳಿದಿದೆ. ಅವರಿಗಾದ ಲಾಭ ನಂಬಿಕೆಯಿಂದ ಆದದ್ದು. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಈ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದೇ ವರ್ಷ ಬೂಟೆನಾಂಟ್ ಹಾಗೂ ರುಜಿಚ್ಕ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಕೃತಕವಾಗಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೂ ಹಂಚಿಕೆಯಾಯಿತು. ಬ್ರೌನ್-ಸೆಕಾರ್ ಅವರ ಪ್ರಯೋಗದ ಪಾಠ ಮಾತ್ರ ಇಂದಿಗೂ ಅನ್ವಯಿಸುತ್ತದೆ: ಚುಚ್ಚಿಕೊಂಡ ಮೇಲೆ ಚೈತನ್ಯ ಬಂದಂತೆ ಅನ್ನಿಸುವುದು ಔಷಧಿ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿಯಲ್ಲ.

ಶರೀರದಲ್ಲಿ ಈ ಹಾರ್ಮೋನಿನ ಉತ್ಪಾದನೆ ಬೇಡಿಕೆಯನ್ನು ಅನುಸರಿಸಿ ನಡೆಯುತ್ತದೆ. ಮೆದುಳಿನ ತಳಭಾಗದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸಂದೇಶ ಕಳುಹಿಸುತ್ತದೆ. ಆ ಸಂದೇಶದಂತೆ ವೃಷಣಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ರಕ್ತದಲ್ಲಿ ಸಾಕಷ್ಟು ಪ್ರಮಾಣವಿದ್ದರೆ ಸಂದೇಶ ಕಡಿಮೆಯಾಗುತ್ತದೆ. ಮಾಂಸಖಂಡ, ಮೂಳೆ, ಕೆಂಪು ರಕ್ತಕಣಗಳ ಉತ್ಪಾದನೆ, ಗಡ್ಡ-ಮೀಸೆ, ಲೈಂಗಿಕ ಆಸಕ್ತಿ, ಇವೆಲ್ಲವೂ ಈ ಹಾರ್ಮೋನನ್ನು ಅವಲಂಬಿಸಿವೆ.

ನಿಜವಾದ ರೋಗಿಗಳು

ವೃಷಣಗಳೇ ಕೆಲಸ ಮಾಡದಿರುವುದು ಒಂದು ಬಗೆಯ ಕೊರತೆ. ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ಪ್ರಾಯದಲ್ಲಿ ಮಂಗನಬಾವು ಬಂದು ವೃಷಣಗಳಿಗೆ ಹಾನಿಯಾಗಿರುವುದು, ಅಪಘಾತ, ಕ್ಯಾನ್ಸರ್ ಚಿಕಿತ್ಸೆ ಇದಕ್ಕೆ ಕಾರಣವಾಗಬಹುದು. ಕ್ಲೈನ್‌ಫೆಲ್ಟರ್ ಸ್ಥಿತಿ ಸುಮಾರು 600ರಿಂದ 700 ಗಂಡು ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಅದು ಜೀವನಪೂರ್ತಿ ಗೊತ್ತಾಗುವುದೇ ಇಲ್ಲ. ಪಿಟ್ಯುಟರಿ ಗ್ರಂಥಿಯಿಂದ ಸಂದೇಶವೇ ಬಾರದಿರುವುದು ಇನ್ನೊಂದು ಬಗೆ. ಆ ಗ್ರಂಥಿಯ ಗೆಡ್ಡೆ, ದೇಹದಲ್ಲಿ ಕಬ್ಬಿಣಾಂಶ ವಿಪರೀತವಾಗಿ ಶೇಖರವಾಗುವ ಕಾಯಿಲೆ, ದೀರ್ಘಕಾಲ ಸೇವಿಸಿದ ಕೆಲವು ನೋವುನಿವಾರಕ ಹಾಗೂ ಸ್ಟೀರಾಯ್ಡ್ ಔಷಧಿಗಳು ಇದಕ್ಕೆ ಕಾರಣವಾಗುತ್ತವೆ.

ಇಂತಹವರಿಗೆ ಹಾರ್ಮೋನ್ ಪೂರೈಕೆ ವಿಲಾಸವಲ್ಲ, ಅಗತ್ಯ. ಚಿಕಿತ್ಸೆಯಿಲ್ಲದೆ ಉಳಿದರೆ ಮೂಳೆಗಳು ಸವೆಯುತ್ತವೆ, ರಕ್ತಹೀನತೆ ಬರುತ್ತದೆ, ಸ್ನಾಯುಗಳು ಕ್ಷೀಣಿಸುತ್ತವೆ. ಯೌವನದಿಂದಲೇ ಗಡ್ಡ ಬಾರದ, ಮದುವೆಯ ಮಾತೆತ್ತಿದಾಗ ಮುಖ ತಪ್ಪಿಸುವ ಯುವಕರು ಅನೇಕ ಕುಟುಂಬಗಳಲ್ಲಿ ಇದ್ದಾರೆ. ‘ಪುರುಷತ್ವ’ ಎಂಬ ಪದಕ್ಕೆ ಸಮಾಜ ಕಟ್ಟಿರುವ ಮಾನ-ಅಪಮಾನಗಳ ಭಾರದಿಂದ ಅವರು ಬಾಯಿ ಬಿಡುವುದಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವುದರಲ್ಲಿ ಇಲ್ಲದ ನಾಚಿಕೆ ಇದರಲ್ಲಿಯೂ ಇರಬೇಕಾಗಿಲ್ಲ.

ಅಳತೆಯ ನಿಯಮ

ಕೊರತೆಯನ್ನು ನಿರ್ಧರಿಸುವುದು ಹೇಗೆ ಎಂಬ ವಿಷಯದಲ್ಲಿ ವೈದ್ಯಕೀಯ ಸಂಸ್ಥೆಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಎರಡು ಷರತ್ತುಗಳು ಒಟ್ಟಿಗೆ ಪೂರೈಕೆಯಾಗಬೇಕು. ಕೊರತೆಯ ಲಕ್ಷಣಗಳಿರಬೇಕು, ಬೇರೆ ಬೇರೆ ದಿನಗಳಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿದ ಎರಡು ಪರೀಕ್ಷೆಗಳಲ್ಲಿಯೂ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇರಬೇಕು. ಅದೇ ವರ್ಷ ಅಮೆರಿಕದ ಮೂತ್ರಶಾಸ್ತ್ರ ಸಂಘವು ಪ್ರತಿ ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎಂಬ ಮಿತಿಯನ್ನು ಸೂಚಿಸಿತು. ಲಕ್ಷಣಗಳಿಲ್ಲದ ಸಾಮಾನ್ಯ ಜನರಲ್ಲಿ ಈ ಪರೀಕ್ಷೆಯನ್ನು ಸಾಮೂಹಿಕವಾಗಿ ನಡೆಸುವುದು ಬೇಡವೆಂದು ಎಂಡೋಕ್ರೈನ್ ಸೊಸೈಟಿ ಸ್ಪಷ್ಟವಾಗಿ ಹೇಳಿದೆ.

ಈ ಎಚ್ಚರಿಕೆಗೆ ಕಾರಣಗಳಿವೆ. ಟೆಸ್ಟೋಸ್ಟೆರಾನ್ ಪ್ರಮಾಣ ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ಊಟದ ನಂತರ ಅದು ಇಳಿಯುತ್ತದೆ. ಜ್ವರ ಬಂದ ವಾರದಲ್ಲಿ, ನಿದ್ದೆಗೆಟ್ಟ ದಿನಗಳಲ್ಲಿ ತಾತ್ಕಾಲಿಕವಾಗಿ ಕುಸಿಯುತ್ತದೆ. ಮೊದಲ ಪರೀಕ್ಷೆಯಲ್ಲಿ ಕಡಿಮೆ ಎಂದು ಬಂದವರಲ್ಲಿ ಶೇಕಡ 30ರಷ್ಟು ಮಂದಿಗೆ ಎರಡನೆಯ ಪರೀಕ್ಷೆಯಲ್ಲಿ ಸಹಜ ಪ್ರಮಾಣ ಕಂಡುಬರಬಹುದು. ಬೊಜ್ಜು ಇರುವವರಲ್ಲಿ ಹಾರ್ಮೋನನ್ನು ಹೊತ್ತೊಯ್ಯುವ ರಕ್ತದ ಪ್ರೋಟೀನ್ ಕಡಿಮೆಯಿರುವುದರಿಂದ ಒಟ್ಟು ಪ್ರಮಾಣ ಕಡಿಮೆ ಎಂದು ತೋರಿದರೂ ದೇಹಕ್ಕೆ ದೊರೆಯುವ ಮುಕ್ತ ಹಾರ್ಮೋನ್ ಸಾಕಷ್ಟಿರಬಹುದು.

ಹೀಗೆ ಜರಡಿ ಹಿಡಿದಾಗ ಉಳಿಯುವ ಸಂಖ್ಯೆ ಚಿಕ್ಕದು. ಯೂರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಪುರುಷರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣ ಮತ್ತು ಪ್ರಮಾಣ ಎರಡೂ ಹೊಂದಿಕೆಯಾಗಿ ಕೊರತೆಯೆಂದು ನಿರ್ಧಾರವಾದದ್ದು ಶೇಕಡ 2.1 ಮಂದಿಯಲ್ಲಿ ಮಾತ್ರ. ಆಯಾಸಗೊಂಡ ಪುರುಷರೆಲ್ಲರೂ ಹಾರ್ಮೋನ್ ಕೊರತೆಯವರಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಅಮೆರಿಕದ ಅನುಭವ

ಅಳತೆಯ ಶಿಸ್ತು ಸಡಿಲಿಸಿ ಮಾರುಕಟ್ಟೆ ಮುಂದೆ ಓಡಿದರೆ ಏನಾಗುತ್ತದೆಂಬುದನ್ನು ಅಮೆರಿಕ ತೋರಿಸಿಕೊಟ್ಟಿದೆ. ಚರ್ಮಕ್ಕೆ ಹಚ್ಚುವ ಟೆಸ್ಟೋಸ್ಟೆರಾನ್ ಜೆಲ್‌ಗೆ ಅಲ್ಲಿ 2000ದಲ್ಲಿ ಅನುಮತಿ ದೊರೆಯಿತು. ವೈದ್ಯರ ಚೀಟಿಯ ಔಷಧಿಗಳನ್ನೂ ನೇರವಾಗಿ ಜನರಿಗೆ ಜಾಹೀರಾತು ಮಾಡಲು ಆ ದೇಶದಲ್ಲಿ ಅವಕಾಶವಿದೆ. ‘ಲೋ ಟಿ’ ಎಂಬ ಎರಡಕ್ಷರದ ಹೆಸರು ದೂರದರ್ಶನದಲ್ಲಿ ಮನೆಮಾತಾಯಿತು. ಸುಸ್ತು, ಸಿಟ್ಟು, ಊಟದ ನಂತರದ ತೂಕಡಿಕೆ, ಇವೆಲ್ಲವೂ ಕೊರತೆಯ ಚಿಹ್ನೆಗಳಾಗಿ ಬಿಂಬಿತವಾದವು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಲೆಕ್ಕದಂತೆ, ಟೆಸ್ಟೋಸ್ಟೆರಾನ್ ಚೀಟಿ ಪಡೆದವರ ಸಂಖ್ಯೆ 2010ರಲ್ಲಿ 13 ಲಕ್ಷ ಇದ್ದದ್ದು 2013ರಲ್ಲಿ 23 ಲಕ್ಷಕ್ಕೆ ಏರಿತು. 2015ರಲ್ಲಿ ಆ ಸಂಸ್ಥೆ ಮಧ್ಯೆ ಪ್ರವೇಶಿಸಿ, ವಯಸ್ಸಿನ ಕಾರಣದಿಂದಷ್ಟೇ ಪ್ರಮಾಣ ಇಳಿದವರಲ್ಲಿ ಈ ಔಷಧಿಯ ಪ್ರಯೋಜನವಾಗಲಿ ಸುರಕ್ಷತೆಯಾಗಲಿ ಸಿದ್ಧವಾಗಿಲ್ಲವೆಂದು ಲೇಬಲ್ಲಿನಲ್ಲಿ ಮುದ್ರಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಹೃದಯಾಘಾತದ ಅಪಾಯದ ಎಚ್ಚರಿಕೆಯನ್ನೂ ಸೇರಿಸಿತು.

ಅನಂತರದ ಸಂಶೋಧನೆಗಳು ಚಿತ್ರವನ್ನು ಇನ್ನಷ್ಟು ಸ್ಪಷ್ಟಪಡಿಸಿವೆ. 65 ವರ್ಷ ಮೀರಿದ, ಪ್ರಮಾಣ ಕಡಿಮೆಯಿದ್ದ 790 ಪುರುಷರ ಮೇಲೆ ಒಂದು ವರ್ಷ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೈಂಗಿಕ ಆಸಕ್ತಿ ಹಾಗೂ ಸಾಮರ್ಥ್ಯದಲ್ಲಿ ಸಾಧಾರಣ ಸುಧಾರಣೆ ಕಂಡಿತು. ಆದರೆ ಜಾಹೀರಾತುಗಳು ಮುಖ್ಯವಾಗಿ ಮಾರಿದ ‘ಚೈತನ್ಯ’ದಲ್ಲಿ ಗಮನಾರ್ಹ ಲಾಭವೇನೂ ಕಾಣಲಿಲ್ಲ. ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಐದು ಸಾವಿರಕ್ಕೂ ಅಧಿಕ ಪುರುಷರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ‘ಟ್ರಾವರ್ಸ್’ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹಾಗೂ ಹೃದಯ ಸಂಬಂಧಿ ಮರಣಗಳು ಔಷಧಿ ಪಡೆದವರಲ್ಲಿ ಶೇಕಡ 7.0, ಪಡೆಯದವರಲ್ಲಿ ಶೇಕಡ 7.3 ಇದ್ದವು, ಅಂದರೆ ಹೆಚ್ಚಳವಾಗಲಿಲ್ಲ. ಈ ಫಲಿತಾಂಶವನ್ನು ಆಧರಿಸಿ 2025ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಹೃದಯಾಘಾತದ ಎಚ್ಚರಿಕೆಯನ್ನು ಸಡಿಲಿಸಿ, ರಕ್ತದೊತ್ತಡ ಏರುವ ಎಚ್ಚರಿಕೆಯನ್ನು ಲೇಬಲ್ಲಿಗೆ ಸೇರಿಸಿತು.

ಇದನ್ನು ‘ಔಷಧಿ ಸಂಪೂರ್ಣ ನಿರಪಾಯ’ ಎಂದು ಓದುವುದು ತಪ್ಪು. ಅದೇ ಪ್ರಯೋಗದಲ್ಲಿ ಹೃದಯದ ಲಯ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಧಕ್ಕೆಯಾಗುವುದು ಔಷಧಿ ಪಡೆದವರಲ್ಲಿ ಹೆಚ್ಚಾಗಿ ಕಂಡುಬಂದವು. ಮೂಳೆಯನ್ನು ಬಲಪಡಿಸುತ್ತದೆಂದು ನಂಬಿದ್ದ ಔಷಧಿಯಿಂದ ಮೂಳೆ ಮುರಿತಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಮೇಲಾಗಿ ಆ ಪ್ರಯೋಗಕ್ಕೆ ಆಯ್ಕೆಯಾದವರು ಲಕ್ಷಣಗಳಿದ್ದು, ಎರಡು ಬಾರಿ ಪರೀಕ್ಷೆಯಾಗಿ, ವೈದ್ಯರ ಸತತ ನಿಗಾದಲ್ಲಿದ್ದವರು. ಆ ಭರವಸೆ ಅಂಗಡಿಯಿಂದ ನೇರವಾಗಿ ತಂದು ಚುಚ್ಚಿಸಿಕೊಳ್ಳುವವರಿಗೆ ಅನ್ವಯಿಸುವುದಿಲ್ಲ.

ವೆಚ್ಚದ ಬದಿ

ಈ ಚಿಕಿತ್ಸೆಯ ವೆಚ್ಚ ಹಣದಲ್ಲಿ ಮಾತ್ರ ಇಲ್ಲ. ಕಾರ್ಖಾನೆಯೊಂದು ತಯಾರಿಸುವ ಸರಕು ಹೊರಗಿನಿಂದಲೇ ಧಾರಾಳವಾಗಿ ಬಂದು ಬಿದ್ದರೆ ಆರ್ಡರ್ ನಿಲ್ಲುತ್ತದೆ, ಯಂತ್ರಗಳು ಸ್ತಬ್ಧವಾಗುತ್ತವೆ. ಹೊರಗಿನ ಟೆಸ್ಟೋಸ್ಟೆರಾನ್ ದೇಹ ಸೇರಿದಾಗಲೂ ಪಿಟ್ಯುಟರಿಯ ಸಂದೇಶ ನಿಲ್ಲುತ್ತದೆ. ವೃಷಣಗಳು ಸ್ವಂತ ಉತ್ಪಾದನೆಯನ್ನು ಕೈಬಿಡುತ್ತವೆ, ಕುಗ್ಗುತ್ತವೆ. ಅದರೊಡನೆ ವೀರ್ಯಾಣುಗಳ ಉತ್ಪಾದನೆಯೂ ಇಳಿದು ಅನೇಕರಲ್ಲಿ ಸಂಪೂರ್ಣ ನಿಂತುಹೋಗುತ್ತದೆ. ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಪುರುಷರ ಗರ್ಭನಿರೋಧಕವಾಗಿ ವಿಶ್ವ ಆರೋಗ್ಯ ಸಂಸ್ಥೆಯೇ ಹಲವು ದೇಶಗಳಲ್ಲಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು ಎಂಬ ಸಂಗತಿ ಬಹುಮಂದಿಗೆ ತಿಳಿದಿಲ್ಲ. ಮಕ್ಕಳಾಗಲಿಲ್ಲವೆಂಬ ಚಿಂತೆಯಿಂದ ‘ಶಕ್ತಿ’ಗಾಗಿ ಈ ಇಂಜೆಕ್ಷನ್ ತೆಗೆದುಕೊಳ್ಳುವ ಯುವಕ ತನ್ನ ಆಸೆಗೆ ತಾನೇ ಅಡ್ಡಗೋಡೆ ಕಟ್ಟಿಕೊಂಡಂತೆ. ಔಷಧಿ ನಿಲ್ಲಿಸಿದ ಮೇಲೆ ಉತ್ಪಾದನೆ ಸಾಮಾನ್ಯವಾಗಿ ಮರಳುತ್ತದೆ; ಆದರೆ ಅದಕ್ಕೆ ತಿಂಗಳುಗಳು, ಕೆಲವರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ವ್ಯಾಯಾಮಶಾಲೆಗಳಲ್ಲಿ ಮೈಕಟ್ಟಿಗಾಗಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವ ಯುವಕರಿಗೂ ಇದೇ ಗತಿ. ಅವರಲ್ಲಿ ಕೆಲವರು ಇಲ್ಲದ ಕೊರತೆಯನ್ನು ತಾವೇ ಸೃಷ್ಟಿಸಿಕೊಂಡು ಕೊನೆಗೆ ವೈದ್ಯರ ಬಾಗಿಲಿಗೆ ಬರುತ್ತಾರೆ.

ರಕ್ತ ದಪ್ಪವಾಗುವುದು ಇನ್ನೊಂದು ಪರಿಣಾಮ. ಕೆಂಪು ಕಣಗಳ ಪಾಲು ಶೇಕಡ 54 ಮೀರಿದರೆ ಚಿಕಿತ್ಸೆಯನ್ನು ತಡೆಹಿಡಿಯಬೇಕಾಗುತ್ತದೆ. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರು, ಆರು ತಿಂಗಳ ಒಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆಗೆ ಚಿಕಿತ್ಸೆ ಪಡೆಯದವರು ಇದನ್ನು ತೆಗೆದುಕೊಳ್ಳಬಾರದೆಂದು ಮಾರ್ಗಸೂಚಿ ತಿಳಿಸುತ್ತದೆ. ನಾಲ್ಕು ಬಗೆಯ ಟೆಸ್ಟೋಸ್ಟೆರಾನ್ ಎಸ್ಟರ್‌ಗಳಿರುವ ಪ್ರಚಲಿತ ಇಂಜೆಕ್ಷನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ತಯಾರಿಸಲಾಗುತ್ತದೆ. ಕಡಲೆಕಾಯಿ ಒಗ್ಗದವರಿಗೆ ಅದೂ ಅಪಾಯವೇ. ಇಂತಹ ವಿವರಗಳನ್ನು ಕೇಳಿ ತಿಳಿದುಕೊಳ್ಳುವುದು ವೈದ್ಯರ ಕೆಲಸ. ಅಂಗಡಿಯ ಕೌಂಟರಿನಲ್ಲಿ ಅದು ನಡೆಯುವುದಿಲ್ಲ.

ಮಧುಮೇಹ ಮತ್ತು ಬೊಜ್ಜು

ವರ್ತಕರ ಹಾಗೂ ಸಣ್ಣ ಉದ್ಯಮಿಗಳ ದಿನಚರಿಯನ್ನು ಗಮನಿಸಿದರೆ ಮೂಲ ಸಮಸ್ಯೆ ಬೇರೆಡೆ ಇರುವುದು ಕಾಣುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವುದು, ಅಂಗಡಿ ಮುಚ್ಚಿದ ಮೇಲೆ ಹತ್ತು ಗಂಟೆಗೆ ಭರ್ತಿ ಊಟ, ಲೆಕ್ಕ ಹಾಗೂ ತೆರಿಗೆಯ ಚಿಂತೆಯಲ್ಲಿ ಅರ್ಧ ನಿದ್ದೆ. ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಅಂದಾಜಿಸಿದೆ. ಮಧುಮೇಹ ಹಾಗೂ ಬೊಜ್ಜು ಟೆಸ್ಟೋಸ್ಟೆರಾನನ್ನು ತಗ್ಗಿಸುತ್ತವೆ. ತೂಕ ಇಳಿಸಿದರೆ ಆ ಪ್ರಮಾಣ ಔಷಧಿಯಿಲ್ಲದೆಯೇ ಏರುತ್ತದೆ. ಇಂತಹವರ ವರದಿಯಲ್ಲಿ ಕಾಣುವ ಕಡಿಮೆ ಅಂಕಿ ರೋಗವಲ್ಲ, ಬೇರೊಂದು ರೋಗ ಬರೆದಿಟ್ಟ ಸೂಚನಾಪತ್ರ.

ಆಸ್ಟ್ರೇಲಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಹಾರ್ಮೋನ್ ಪರವಾಗಿ ಉಲ್ಲೇಖಿಸುವುದುಂಟು. ತೂಕ ಹೆಚ್ಚಿದ್ದು ಮಧುಮೇಹದ ಅಂಚಿನಲ್ಲಿದ್ದ ಅಥವಾ ಹೊಸದಾಗಿ ಮಧುಮೇಹ ಕಂಡುಬಂದಿದ್ದ 1,007 ಪುರುಷರಲ್ಲಿ ಎರಡು ವರ್ಷಗಳ ನಂತರ ಮಧುಮೇಹವಿದ್ದವರು ಇಂಜೆಕ್ಷನ್ ಪಡೆದವರಲ್ಲಿ ಶೇಕಡ 12, ಪಡೆಯದವರಲ್ಲಿ ಶೇಕಡ 21. ಇದು ಗಣನೀಯ ಲಾಭವೇ ಸರಿ. ಆದರೆ ಆಹಾರ ನಿಯಂತ್ರಣ ಹಾಗೂ ವ್ಯಾಯಾಮದ ಕಾರ್ಯಕ್ರಮ ಎರಡೂ ಗುಂಪುಗಳಿಗೆ ಇತ್ತು ಎಂಬುದನ್ನೂ, ಇಂಜೆಕ್ಷನ್ ಪಡೆದವರಲ್ಲಿ ಶೇಕಡ 22 ಮಂದಿಯ ರಕ್ತ ಮಿತಿ ಮೀರಿ ದಪ್ಪವಾಯಿತು ಎಂಬುದನ್ನೂ ಮರೆಮಾಚುವಂತಿಲ್ಲ. ಮಧುಮೇಹ ಹತೋಟಿಗಾಗಿ ಟೆಸ್ಟೋಸ್ಟೆರಾನ್ ಕೊಡುವುದು ಬೇಡವೆಂಬುದು 2018ರ ಮಾರ್ಗಸೂಚಿಯ ಸ್ಪಷ್ಟ ಸಲಹೆ.

ಔಷಧ ವರ್ತಕರ ಹೊಣೆ

ಈ ವಿಷಯದಲ್ಲಿ ವರ್ತಕರು ಕೇವಲ ಗ್ರಾಹಕರಲ್ಲ. ಅವರಲ್ಲಿ ಮಾರುವವರೂ ಇದ್ದಾರೆ. ಭಾರತದ ಔಷಧ ನಿಯಮಗಳಂತೆ ಟೆಸ್ಟೋಸ್ಟೆರಾನ್ ‘ಎಚ್’ ಅನುಸೂಚಿಯ ಔಷಧಿ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಅದನ್ನು ಚಿಲ್ಲರೆಯಾಗಿ ಮಾರುವಂತಿಲ್ಲ. ಲೈಂಗಿಕ ಸುಖದ ಸಾಮರ್ಥ್ಯವನ್ನು ಕಾಪಾಡುತ್ತೇವೆ ಅಥವಾ ಹೆಚ್ಚಿಸುತ್ತೇವೆ ಎಂದು ಔಷಧಿಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮವು ನಿಷೇಧಿಸುತ್ತದೆ. ಯೌವನ ಮರಳಿಸುವ ಶಕ್ತಿಯುಳ್ಳದ್ದೆಂದು ಔಷಧಿಯ ಬಗ್ಗೆ ಹೇಳಿಕೊಳ್ಳುವುದಕ್ಕೂ ಔಷಧ ನಿಯಮಗಳ ‘ಜೆ’ ಅನುಸೂಚಿ ಅಡ್ಡಿಯಾಗಿದೆ. ಕಾನೂನಿನ ಕೊರತೆ ಇಲ್ಲಿಲ್ಲ. ಪರಿಚಯದ ಗಿರಾಕಿ ಕೇಳಿದಾಗ ‘ಇಲ್ಲ’ ಎನ್ನಲಾಗದ ದಾಕ್ಷಿಣ್ಯ ಇದೆ. ಒಂದು ಇಂಜೆಕ್ಷನ್ ಮಾರಾಟದಲ್ಲಿ ಉಳಿಯುವ ಲಾಭ ಅಲ್ಪ. ಮೂವತ್ತು ವರ್ಷ ಕಟ್ಟಿದ ಅಂಗಡಿಯ ಹೆಸರು ಅದಕ್ಕಿಂತ ದೊಡ್ಡದು. ಚೀಟಿ ಕೇಳುವ ಔಷಧ ವರ್ತಕ ಗಿರಾಕಿಯನ್ನು ಕಳೆದುಕೊಳ್ಳುವುದಿಲ್ಲ, ಕಾಪಾಡುತ್ತಾನೆ.

ಆರೋಗ್ಯ ಶಿಬಿರಗಳಲ್ಲಿ ಆಗಬೇಕಾದ ಬದಲಾವಣೆ

ವಾಣಿಜ್ಯ ಸಂಸ್ಥೆಗಳು ಹಾಗೂ ವರ್ತಕರ ಸಂಘಗಳು ಸದಸ್ಯರಿಗಾಗಿ ಏರ್ಪಡಿಸುವ ತಪಾಸಣಾ ಶಿಬಿರಗಳು ಸ್ತುತ್ಯರ್ಹ ಸೇವೆ. ಅಲ್ಲಿ ಟೆಸ್ಟೋಸ್ಟೆರಾನ್ ಪರೀಕ್ಷೆಯನ್ನು ಎಲ್ಲರಿಗೂ ಹಂಚುವ ಬಾಬತ್ತಾಗಿ ಸೇರಿಸುವುದು ಮಾತ್ರ ಉಚಿತವಲ್ಲ. ‘ಪರೀಕ್ಷೆಯಿಂದ ನಷ್ಟವೇನು, ತಿಳಿದುಕೊಂಡರೆ ಒಳ್ಳೆಯದಲ್ಲವೇ?’ ಎಂಬ ಪ್ರಶ್ನೆ ಏಳಬಹುದು. ಲಕ್ಷಣಗಳಿಲ್ಲದವರನ್ನು, ಅದೂ ಉಪಾಹಾರದ ನಂತರ, ಹನ್ನೊಂದು-ಹನ್ನೆರಡು ಗಂಟೆಗೆ ಸಾಲಿನಲ್ಲಿ ನಿಲ್ಲಿಸಿ ಪರೀಕ್ಷಿಸಿದರೆ ಬರುವುದು ತಿಳಿವಳಿಕೆಯಲ್ಲ, ಆತಂಕ. ಆ ಆತಂಕದ ಬೆನ್ನಿಗೇ ಮಾರಾಟ ನಿಂತಿರುತ್ತದೆ.

ಅದರ ಬದಲು ರಕ್ತದೊತ್ತಡ, ಸಕ್ಕರೆ, ಸೊಂಟದ ಸುತ್ತಳತೆಗಳನ್ನು ಅಳೆದು, ನಿದ್ದೆಯ ಹಾಗೂ ಗೊರಕೆಯ ಬಗ್ಗೆ ವಿಚಾರಿಸುವುದು ಹೆಚ್ಚು ಫಲಪ್ರದ. ಪರದೆಯ ಮರೆಯಲ್ಲಿ ವೈದ್ಯರೊಡನೆ ಐದು ನಿಮಿಷ ಖಾಸಗಿಯಾಗಿ ಮಾತನಾಡುವ ವ್ಯವಸ್ಥೆ ಇರಲಿ. ಲೈಂಗಿಕ ಆಸಕ್ತಿ ಕುಂದಿದೆಯೇ, ಬೆಳಗಿನ ಜಾವದ ಸಹಜ ನಿಮಿರುವಿಕೆ ನಿಂತಿದೆಯೇ, ಗಡ್ಡ ಬೋಳಿಸುವ ಅಗತ್ಯ ಕಡಿಮೆಯಾಗಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಅಲ್ಲಿ ಕೇಳಬಹುದು. ಹೌದೆಂದವರಿಗೆ ಎರಡು ಬೆಳಗಿನ ಪರೀಕ್ಷೆ, ಕೊರತೆ ಖಚಿತವಾದರೆ ಪಿಟ್ಯುಟರಿಯ ಪರೀಕ್ಷೆ ಹಾಗೂ ಹಾರ್ಮೋನ್ ತಜ್ಞರ ಸಲಹೆ ದೊರೆಯಲಿ. ಹಣ ಮತ್ತು ಶ್ರಮ ಆಗ ನಿಜವಾದ ರೋಗಿಗೆ ತಲುಪುತ್ತದೆ. ಸಂಕೋಚದಿಂದ ಮೂಲೆಯಲ್ಲಿ ನಿಂತವನಿಗೂ ಒಂದು ದಾರಿ ತೆರೆಯುತ್ತದೆ.

ಸರಕನ್ನು ಎರಡು ಸಲ ತೂಗಿ ಒಳಗೆ ಸೇರಿಸುವುದು ವ್ಯಾಪಾರದ ಹಳೆಯ ಶಿಸ್ತು. ತೂಕ ಸರಿಯಿದ್ದರೆ ಹಣ ಕೊಡಲು ಯಾರೂ ಹಿಂಜರಿಯುವುದಿಲ್ಲ, ಸರಿಯಿಲ್ಲದಿದ್ದರೆ ಕೊಳ್ಳುವುದೂ ಇಲ್ಲ. ಕೊರತೆ ಖಚಿತವಾದವರು ನಿಸ್ಸಂಕೋಚವಾಗಿ ಚಿಕಿತ್ಸೆ ಪಡೆಯಲಿ, ಖಚಿತವಾಗದವರು ನಿಶ್ಚಿಂತೆಯಿಂದ ಅದನ್ನು ಬದಿಗಿರಿಸಲಿ. ಶರೀರದ ಲೆಕ್ಕಕ್ಕೆ ಆ ಹಳೆಯ ಶಿಸ್ತು ಇನ್ನಷ್ಟು ಅಗತ್ಯ, ಏಕೆಂದರೆ ಅಲ್ಲಿ ಸರಕು ವಾಪಸಾತಿಯ ಸೌಲಭ್ಯವಿಲ್ಲ.